ಲೋಕಾಂತ್ಯಕ್ಕೆ ವಿಳಾಸ ಕೇಳುವ ದೊಡ್ಡವ್ವ

ಲೋಕಾಂತ್ಯವನ್ನು ಒಬ್ಬಳೇ, ಅದೂ ಕೈಯಲ್ಲಿ ಚಹಾದ ಕಿಟ್ಲಿ ಬಿಟ್ಟರೆ ಬೇರೆ ಯಾವ ಆಯುಧವೂ ಇಲ್ಲದೆ, ನಮ್ಮ ಮನೆಯ ಹೊಸ್ತಿಲಲ್ಲೇ ತಡೆದು ವಾಪಸ್ಸು ಕಳಿಸಿದ ಹೆಂಗಸು ನಮ್ಮ ದೊಡ್ಡವ್ವ. ನಗಬೇಡಿ! ನಾನು ಕಣ್ಣಾರೆ ಕಂಡಿದ್ದೇನೆ.

ಅವತ್ತು ರವಿವಾರ. ನಮ್ಮ ಕ್ರೈಸ್ತ ದೇವಾಲಯದ ಆರಾಧನೆ ಮುಗಿಸಿ ಬಂದು, ಹೈದರಾಬಾದಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದೆವು. ದಿವಾನದ ಮೇಲೆ ನಮ್ಮವ್ವ. ಬಾಗಿಲ ಬಳಿ ಮಹಿಳಾ ಸಂಘದ ಇಬ್ಬರು ಹೆಂಗಸರು. ನೆಲದ ಮೇಲೆ ಅವರೆಕಾಯಿ ಬಿಡಿಸುತ್ತ ನಾನು. ಒಳಗೆ ಚಹಾ ಕಾಸುತ್ತ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ. ಇವರೆಲ್ಲರ ನಡುವೆ, ಯಾವುದೋ ಊರಿಂದ ಯಾವುದೋ ಊರಿಗೆ ಹೊರಟಿದ್ದ ಒಬ್ಬ ಉಪದೇಶಕರು. ಎಲ್ಲರೂ ಅವರನ್ನು ಬ್ರದರ್ ಅನ್ನುತ್ತಿದ್ದರು. ಬ್ರದರ್ ಚೀಲದಿಂದ ಒಂದು ಬಟ್ಟೆಯ ಸುರುಳಿ ತೆಗೆದು ನಮ್ಮ ಕಿಟಕಿಯ ಪರದೆ ಕೋಲಿಗೆ ನೇತುಹಾಕಿದರು. ಅದರ ಮೇಲೆ ಲೋಕದ ಅಂತ್ಯದ ಪೂರ್ತಿ ಕಾರ್ಯಕ್ರಮ ಬಣ್ಣದಲ್ಲಿತ್ತು. ಮೊದಲು ಯುದ್ಧ, ಆಮೇಲೆ ಬರ, ಆಮೇಲೆ ಸಮುದ್ರದಿಂದ ಎದ್ದುಬರುವ ಏಳು ತಲೆಯ ಮೃಗ. ಬರೆದ ಕಲಾವಿದ ಮೊದಲು ಸಿನಿಮಾ ಪೋಸ್ಟರು ಬರೆಯುತ್ತಿದ್ದನೋ ಏನೋ, ಏಳೂ ತಲೆಗೂ ತೆಲುಗು ಸಿನಿಮಾದ ಖಳನಾಯಕರ ಮೀಸೆ!

"ಎಲ್ಲಾ ಆಗಿಹೋತು ತಾಯೀ," ಅಂದರು ಬ್ರದರ್, ಕಡ್ಡಿಯಿಂದ ಬಟ್ಟೆಯ ತುದಿ ತೋರಿಸುತ್ತ. "ನಾವೀಗ ಇಲ್ಲಿ ಅದೀವಿ. ಮುಂದ ಬಟ್ಟೀನೇ ಇಲ್ಲ."

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು. ದೊಡ್ಡವ್ವ ಕಿಟ್ಲಿ ಹಿಡಿದು ಹೊರಗೆ ಬಂದಳು.

"ಬ್ರದರ್, ಒಂದ ಸಣ್ಣ ಪ್ರಶ್ನೆ. ಬೈಬಲ್ಲಿನ ಈ ಕಡೇ ಪುಸ್ತಕ ಮೂಲದಾಗ ಏನ್ರಿ? ಪತ್ರ ಹೌದಲ್ಲೋ?"

"ಹೌದ್ರಿ."

"ಯಾರ ವಿಳಾಸಕ್ಕ ಬರದದ್ದು?"

"ನಮಗರೀ. ಕಡೇ ಕಾಲದಾಗ ಇರೋ ನಮಗ."

"ನಿಮ್ಮ ಹೆಸರು ಐತೇನು ಅದರಾಗ? ಹೈದರಾಬಾದ ಐತೇನು? ಏಳ ಊರಿನ ಹೆಸರು ಢಾಳಾಗಿ ಬರದಾನಲ್ರಿ. ಎಫೆಸ, ಸ್ಮುರ್ನ, ಪೆರ್ಗಮ... ಬಾಜೂ ಮನಿಯವರ ಪತ್ರ ತಪ್ಪಿ ನಿಮ್ಮ ಮನಿಗೆ ಬಂತು ಅಂತ ತಿಳೀರಿ. ‘ಬೀಗರು ಬರಾಕತ್ತಾರ, ತಯಾರಾಗಿರ್ರಿ’ ಅಂತ ಅದರಾಗ ಇತ್ತು. ನೀವು ಹೋಳಿಗಿ ಮಾಡಿಕೊಂಡು ಬಾಗಲದಾಗ ಕೂಡತೀರೇನು?"

ಸಂಘದ ಹೆಂಗಸರು ಕಿಸಕ್ಕೆಂದರು. ಬ್ರದರ್ ಅವರ ಕಡ್ಡಿ ಕೆಳಗಿಳಿಯಿತು. ಪಾಪ, ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಚಹಾ ಒಂದು ಗುಟುಕು ಕುಡಿದು ನಿಧಾನಕ್ಕೆ ಕೇಳಿದರು: "ಹಂಗಾರ ನಮಗಂತ ಅದರಾಗ ಏನೂ ಇಲ್ಲೇನ್ರಿ?"

"ಐತ್ರಿ, ಯಾಕಿಲ್ಲ! ಬ್ಯಾರೇದವರ ಪತ್ರ ಓದಿ ಕಣ್ಣೀರು ಬರಬಾರದಂತ ಯಾರ ಹೇಳ್ಯಾರ? ಆದ್ರ ಅದು ಅವರ ಪತ್ರ ಅನ್ನೂದು ಮೊದಲ ನೆನಪಿರಬೇಕು, ಅಷ್ಟ."

ಬ್ರದರ್ ಬಟ್ಟೆ ಸುತ್ತಿಕೊಂಡರು. ಆ ದಿನಕ್ಕೆ ಲೋಕ ಉಳಿಯಿತು. ಅವರೆಕಾಯಿಯೂ ಮುಗಿಯಿತು.

ನಮ್ಮ ದೊಡ್ಡವ್ವ ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸದ ಟೀಚರಾಗಿದ್ದವಳು. ಗದಗಿನ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಳು. ಆಕೆಯ ಬೆನ್ನ ಹಿಂದೆಯೇ ನಮ್ಮವ್ವ ಬಂದಳು, ಅಪ್ಪನಿಗೆ ಇಲ್ಲಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ನೌಕರಿಯಾದಾಗ. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ದೊಡ್ಡವ್ವನಿಗೆ ಪಾಠ ಬಿಟ್ಟಿಲ್ಲ. ಅದೂ ಒಂದೇ ಪಾಠ. ರೋಮ್ ಸಾಮ್ರಾಜ್ಯ! ನೀರೋ ಚಕ್ರವರ್ತಿಯ ಬಗ್ಗೆ ಆಕೆ ಮಾತಾಡುವುದನ್ನು ನೀವು ಕೇಳಬೇಕು. ಆತ ನಮ್ಮ ಓಣಿಯಲ್ಲೇ ಎರಡು ಮನೆ ಆಚೆ ಬಾಡಿಗೆಗಿದ್ದು, ನೀರಿನ ಬಿಲ್ಲು ಕಟ್ಟದೆ ರಾತ್ರೋರಾತ್ರಿ ಓಡಿಹೋದ ಭಾಡ್ಯಾ ಏನೋ ಅನ್ನಿಸಬೇಕು! "ಮೃಗ ಅಂದ್ರ ಅವನ ನೋಡವಾ. ಅವರ ಭಾಷಾದಾಗ ಅಕ್ಷರಕ್ಕೆಲ್ಲ ಅಂಕಿ ಇರತಿದ್ವು. ಅವನ ಹೆಸರು ಕೂಡಿಸಿದ್ರ ಆರುನೂರ ಅರವತ್ತಾರು, ಪುಸ್ತಕದಾಗ ಮೃಗಕ್ಕ ಕೊಟ್ಟ ಅಂಕಿನ ಬರತೈತಿ. ಬಾಯಿ ಬಿಟ್ಟು ಹೆಸರು ಹೇಳಿದ್ರ ಕುತ್ತಿಗಿ ಹೋಗತಿತ್ತು. ಅದಕ್ಕ ಅಂಕಿಯೊಳಗ ಬಚ್ಚಿಟ್ಟು ಬರದಾನ." ಬಾರ್‌ಕೋಡು ಬಂದಾಗ ಅದೇ ಮೃಗ ತನ್ನ ಮಂದಿಗೆ ಹಾಕುವ ಗುರುತು ಅಂತ ಊರೆಲ್ಲ ಅಂದಿತು. ಆಧಾರ್ ಕಾರ್ಡು ಬಂದಾಗ ಅಂದಿತು. ಲಸಿಕೆ ಬಂದಾಗಲೂ ಅಂದಿತು. ಪ್ರತಿ ಸಲವೂ ದೊಡ್ಡವ್ವ ಮಹಿಳಾ ಸಂಘದಲ್ಲಿ ಎದ್ದು ನಿಂತು ನೀರೋನನ್ನು ಎಳೆತಂದು ಕಟಕಟೆಯಲ್ಲಿ ನಿಲ್ಲಿಸಿದ್ದಾಳೆ. ಅವನಿಗೂ ಸಾಕಾಗಿರಬೇಕು!

ಒಮ್ಮೆ ನಮ್ಮ ದೇವಾಲಯದ ಸಭಾಪಾಲಕರು ಊಟಕ್ಕೆ ಬಂದರು. ಊಟವಾದ ಮೇಲೆ ದೊಡ್ಡವ್ವ ಅವರ ಮುಂದೆ ಮೂರು ಲೋಟ ಇಟ್ಟಳು. ಒಂದರಲ್ಲಿ ಕುದಿಯುವ ಚಹಾ. ಇನ್ನೊಂದರಲ್ಲಿ ಫ್ರಿಜ್ಜಿನ ನೀರು. ಮೂರನೆಯದರಲ್ಲಿ ಬ್ಯಾಸಗಿಯ ಮಟಮಟ ಮಧ್ಯಾಹ್ನ ನಮ್ಮ ಮಾಳಿಗೆಯ ಟಾಕಿಯಿಂದ ಹಿಡಿದ ನೀರು. ಹೈದರಾಬಾದಿನ ಮೇ ತಿಂಗಳ ಟಾಕಿ ನೀರು ಗೊತ್ತಲ್ಲ? ಸ್ನಾನಕ್ಕೆ ಬಲು ಬಿಸಿ, ಚಹಾಕ್ಕೆ ಸಾಲದು, ಕುಡಿದರೆ ವಾಂತಿ.

"ಕುಡೀರಿ ಅಯ್ಯಗಳೇ."

ಸಭಾಪಾಲಕರು ಪಾಪ ಮೂರನೆಯದನ್ನೇ ಮೊದಲು ಎತ್ತಿದರು. ಅವರ ಮುಖ ನೋಡಬೇಕಿತ್ತು!

"ಆ ಏಳು ಊರಾಗ ಕಡೇದು, ಲವೊದಿಕೀಯ ಅಂದ್ರ ಇದ," ಅಂದಳು ದೊಡ್ಡವ್ವ, ಗೆದ್ದ ಖುಷಿಯಲ್ಲಿ. "ಆ ಊರಿಗೆ ದೂರದ ಬಿಸಿನೀರಿನ ಬುಗ್ಗಿಯಿಂದ ಕೊಳವಿಯೊಳಗ ನೀರು ಬರತಿತ್ತು. ಬರೋದರಾಗ ಉಗುರುಬೆಚ್ಚಗ. ಬಿಸಿ ಇದ್ರ ಮೈಕೈ ನೋವಿಗೆ ಆಗತಿತ್ತು, ತಣ್ಣಗಿದ್ರ ಕುಡ್ಯಾಕ ಆಗತಿತ್ತು. ಇದು ಯಾತಕ್ಕೂ ಆಗ್ಲಿಲ್ಲ. ಅದಕ್ಕ ‘ನೀವು ಬಿಸಿನೂ ಅಲ್ಲ, ತಣ್ಣಗೂ ಅಲ್ಲ, ಉಗಳಿಬಿಡತೀನಿ’ ಅಂತ ಪತ್ರದಾಗ ಬರದಾನ. ನೀವು ಹೋದ ವಾರ ಪ್ರಸಂಗದಾಗ ‘ಬಿಸಿ ಅಂದ್ರ ಭಕ್ತರು, ತಣ್ಣಗ ಅಂದ್ರ ನಾಸ್ತಿಕರು’ ಅಂದ್ರಿ. ತಣ್ಣೀರು ಏನ ಪಾಪ ಮಾಡೇತ್ರಿ?"

ಸಭಾಪಾಲಕರು ಫ್ರಿಜ್ಜಿನ ನೀರು ಕುಡಿದು ಸುಧಾರಿಸಿಕೊಂಡು, "ಅಮ್ಮಾ, ಮುಂದಿನ ಸಲ ಪ್ರಸಂಗ ಬರೆದು ಮೊದಲು ನಿಮಗೇ ತೋರಿಸ್ತೀನಿ" ಅಂದರು. ತೋರಿಸಲಿಲ್ಲ. ಆದರೆ ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಲೋಟ ಎತ್ತುವ ಮೊದಲು ಬೆರಳಿಂದ ಮುಟ್ಟಿ ನೋಡುವುದನ್ನು ಕಲಿತರು.

ಇಷ್ಟೆಲ್ಲ ವಿದ್ಯೆ ಎಲ್ಲಿಂದ ಬಂತು ಅನ್ನುತ್ತೀರಾ? ಅಬಿಡ್ಸಿನ ಫುಟ್‌ಪಾತಿನಿಂದ! ರವಿವಾರ ಅಲ್ಲಿ ಹಳೇ ಪುಸ್ತಕಗಳ ಸಾಲು. ಆರಾಧನೆಯಲ್ಲಿ ಕಡೇ ಆಶೀರ್ವಾದ ಮುಗಿಯುವುದೇ ತಡ, ದೊಡ್ಡವ್ವ ಚಪ್ಪಲಿ ಹುಡುಕುತ್ತಿದ್ದಳು. ಜೊತೆಗೆ ಚೀಲ ಹೊರಲು ನಾನು. ಅಲ್ಲೊಬ್ಬ ಮುದುಕ ವ್ಯಾಪಾರಿ ಆಕೆಯನ್ನು ದೂರದಿಂದ ಕಂಡರೆ ಸಾಕು, ಕೂಗುತ್ತಿದ್ದ: "ಆವೋ ಅಮ್ಮಾಜಾನ್, ಆಪ್‌ಕಾ ರೋಮ್ ಆಗಯಾ!" ಒಂದು ಸಲ ಅವನು ಬಲು ಹೆಮ್ಮೆಯಿಂದ ತೆಗೆದುಕೊಟ್ಟದ್ದು ಪ್ರವಾಸಿಗರ ಕೈಪಿಡಿ. ರೋಮಿನಲ್ಲಿ ಎಲ್ಲಿ ಉಳಿಯಬೇಕು, ಐಸ್‌ಕ್ರೀಮು ಎಲ್ಲಿ ಚೆನ್ನಾಗಿದೆ! ನಾನು ನಕ್ಕೆ. ದೊಡ್ಡವ್ವ ನಗಲಿಲ್ಲ. "ಇರ್ಲಿ ತಗೋ, ಏಳು ಗುಡ್ಡದ ನಕಾಶೆ ಭಾಳ ಛಲೋ ಐತಿ."

ಮನೆಗೆ ಬರುವಾಗ ಆಟೋದಲ್ಲಿ ಆ ನಕಾಶೆ ಬಿಚ್ಚಿ ನನಗೆ ಪಾಠ ಶುರುವಾಯಿತು. "ಹೆಣ್ಣೊಬ್ಬಾಕಿ ಏಳು ಗುಡ್ಡದ ಮ್ಯಾಲೆ ಕೂತಾಳ ಅಂತ ಬರದಾನ. ಯಾವ ಊರು ಅಂತ ಹೆಸರು ಹೇಳಿಲ್ಲ. ಯಾಕ ಹೇಳಬೇಕು? ಆ ಕಾಲದಾಗ ಏಳು ಗುಡ್ಡ ಅಂದ್ರ ರೋಮ್ ಅಂತ ಸಣ್ಣ ಕೂಸಿಗೂ ಗೊತ್ತಿತ್ತು. ತಡಿ, ತೋರಸ್ತೀನಿ." ಆಟೋದವನ ಬೆನ್ನು ತಟ್ಟಿದಳು. "ಬಾಬೂ, ಏಡು ಕೊಂಡಲು ಅಂಟೇ ಏಮಿಟಿ?"

ಏಳು ಬೆಟ್ಟ ಅಂದರೆ ಏನು ಅಂತ ಹೈದರಾಬಾದಿನ ಆಟೋದವನನ್ನು ಕೇಳುವುದೇ? ಆತ ಎರಡೂ ಕೈ ಹ್ಯಾಂಡಲ್ ಬಿಟ್ಟು ತಿರುಪತಿಯ ದಿಕ್ಕಿಗೆ ನಮಸ್ಕಾರ ಮಾಡಿಬಿಟ್ಟ! ಎದುರಿಗೆ ಬಸ್ಸು! ನಾನು ಕಿರುಚಿದೆ.

"ನೋಡಿದ್ಯಾ?" ಅಂದಳು ದೊಡ್ಡವ್ವ, ಬಸ್ಸಿನ ಕಡೆ ಲಕ್ಷ್ಯವೇ ಇಲ್ಲದೆ. "ಆ ಬೆಟ್ಟಕ್ಕ ನನ್ನದೂ ನಮಸ್ಕಾರ. ನಾ ಹೇಳಿದ್ದು ಇಷ್ಟ, ಎಲ್ಲಾರಿಗೂ ಗೊತ್ತಿದ್ದ ಊರಿಗೆ ಹೆಸರು ಬ್ಯಾಡ."

ಇಷ್ಟು ಗಟ್ಟಿ ಹೆಂಗಸಿಗೆ ಒಬ್ಬಳ ಮುಂದೆ ಮಾತ್ರ ಪಾಠ ನಡೆಯುತ್ತಿರಲಿಲ್ಲ. ಆಕೆ ನಮ್ಮವ್ವ.

ಅವ್ವನಿಗೆ ಲೋಕಾಂತ್ಯ ಅಂದರೆ ಜೀವಭಯ. ಫೋನಿನಲ್ಲಿ ದಿನಕ್ಕೊಂದು ವಿಡಿಯೋ ಬರುತ್ತಿತ್ತು. ಎಲ್ಲೋ ಭೂಕಂಪವಾದರೆ ಆಕೆಗೆ ಊಟ ಸೇರದು. ಅಲ್ಲಿವರೆಗೆ ಲೋಕ ಇದ್ದರಲ್ಲವೇ ಅಂತ ವರ್ಷದ ಉಪ್ಪಿನಕಾಯಿ ಹಾಕುವುದನ್ನೇ ಬಿಟ್ಟಿದ್ದಳು. ಕರ್ತನಾದ ದೇವರು ನಂಬಿದವರನ್ನೆಲ್ಲ ಒಂದು ದಿನ ತಟ್ಟನೆ ಮೇಲಕ್ಕೆ ಕರೆದುಕೊಳ್ಳುತ್ತಾನೆ, ತಾನೊಬ್ಬಳೇ ಇಲ್ಲಿ ಉಳಿಯುತ್ತೇನೆ ಅನ್ನುವ ಅಂಜಿಕೆ. ನಾನು ಎರಡು ಸಲ ಫೋನ್ ಎತ್ತದಿದ್ದರೆ ಮೂರನೇ ಸಲ ಅಳುತ್ತಲೇ ಮಾತಾಡುತ್ತಿದ್ದಳು: "ಇದ್ದೀಯೇನವಾ? ನೀನೂ ಹೋದಿ ಅಂದಕೊಂಡೆ." ನನ್ನ ನಡತೆ ಚೆನ್ನಾಗಿ ಗೊತ್ತಿದ್ದೂ ನನ್ನನ್ನು ಮೊದಲ ಗುಂಪಿನಲ್ಲೇ ಸ್ವರ್ಗಕ್ಕೆ ಸೇರಿಸಿದ ಆ ವಿಶ್ವಾಸಕ್ಕೆ ಏನು ಹೇಳಲಿ!

ಹೀಗಿರುವಾಗ ಅವ್ವನ ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಚಹಾ ಕಪ್ಪಿನ ಪಕ್ಕಕ್ಕೆ ಬಿತ್ತು. ಆಮೇಲೆ ಮೆಟ್ಟಿಲಲ್ಲಿ ಅವ್ವನೇ ಬಿದ್ದಳು. ಬಲಗಣ್ಣಿನ ಪೊರೆ ಪೂರ್ತಿ ಹಣ್ಣಾಗಿ ಗಟ್ಟಿಯಾಗುತ್ತಿದೆ, ಇನ್ನೂ ತಡಮಾಡಿದರೆ ಕಣ್ಣಿಗೇ ಅಪಾಯ ಅಂದರು ಡಾಕ್ಟರು. ಅವ್ವ ಒಪ್ಪಲಿಲ್ಲ.

"ಇವತ್ತೋ ನಾಳೆನೋ ಕರ್ತ ಬಂದು ಹೊಸಾ ದೇಹನ ಕೊಡತಾನ. ಹಳೇ ಕಣ್ಣಿಗೆ ರಿಪೇರಿ ಯಾಕ ಅಕ್ಕಾ?"

"ಹಂಗಾರ ಹಳೇ ಹೊಟ್ಟಿಗೆ ರೊಟ್ಟಿ ಯಾಕ? ಅದನ್ನೂ ಬಿಡು!"

ಅಕ್ಕತಂಗಿಯರ ಈ ಜಗಳ ಒಂದು ಮಳೆಗಾಲ ಪೂರ್ತಿ ನಡೆಯಿತು. ದೊಡ್ಡವ್ವ ಎಫೆಸದಿಂದ ಶುರು ಮಾಡಿದಳು. ಆ ಏಳು ಊರೂ ಒಂದೇ ದಾರಿಯ ಮೇಲಿದ್ದವು. ನಾಂಪಲ್ಲಿಯಿಂದ ಹೊರಟ ಬಸ್ಸು ಅಬಿಡ್ಸಿನಲ್ಲಿ ನಿಂತು ಸುಲ್ತಾನ್ ಬಜಾರಿಗೆ ಹೋದ ಹಾಗೆ, ಪತ್ರ ತಂದವ ಒಂದೊಂದು ಊರಲ್ಲೂ ನಿಂತು, ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಮಂದಿಗೆ ಓದಿ ಹೇಳಿ ಮುಂದೆ ಹೋದ ಅಂತೆಲ್ಲ ವಿವರಿಸಿದಳು. ಅವ್ವ ಎಲ್ಲ ಕೇಳಿ, "ಖರೇ ಅಕ್ಕಾ" ಅನ್ನುವಳು. ಮರುದಿನ ಮತ್ತೆ ವಿಡಿಯೋ ಬರುವುದು. ಕಡೆಗೆ ಆಕೆ ಒಪ್ಪಿದ್ದು ರೋಮಿನ ಇತಿಹಾಸಕ್ಕಲ್ಲ. ದೊಡ್ಡವ್ವನ ಬಾಯಿಗೆ ಬೇಸತ್ತು!

ಆಸ್ಪತ್ರೆಯಲ್ಲಿ ಬೆಳಗ್ಗೆ ಎಲ್ಲ ಸುಸೂತ್ರವಾಗಿಯೇ ಶುರುವಾಯಿತು. ಅವ್ವನಿಗೆ ಹಸಿರು ಗೌನು, ತಲೆಗೆ ಟೋಪಿ. ಎಡಗೈಗೆ ಬಿಪಿ ನೋಡುವ ಪಟ್ಟಿ ಸುತ್ತಿದ್ದರು. ತೆಲುಗಿನ ಎಳೇ ಹುಡುಗಿಯೊಬ್ಬಳು, ನರ್ಸು, ನಗುತ್ತ ಬಂದು, "ಅಮ್ಮಾ, ಚೆಯ್ಯಿ ಇವ್ವಂಡಿ" ಅಂದಳು. ಅವ್ವ ಬಲಗೈ ಕೊಟ್ಟಳು. ನರ್ಸು ಮಣಿಕಟ್ಟಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಹಾಕಿ ಚಟ್ಟನೆ ಒತ್ತಿದಳು. ಪಟ್ಟಿಯ ಮೇಲೆ ಅವ್ವನ ಹೆಸರು, ಪಕ್ಕದಲ್ಲಿ ಕಪ್ಪು ಗೆರೆಗಳ ಬಾರ್‌ಕೋಡು.

ಅವ್ವ ಕೈಯನ್ನು ಕಣ್ಣ ಹತ್ತಿರ ತಂದುಕೊಂಡು ನೋಡಿದಳು. "ಅಕ್ಕಾ... ಬಲಗೈ."

"ಏನೂ ಆಗಂಗಿಲ್ಲ. ಹೆಸರು ಅದಲು ಬದಲು ಆಗಬಾರದಂತ ಹಾಕತಾರ."

ಅಷ್ಟರಲ್ಲಿ ನರ್ಸು ಒಂದು ದುಂಡನೆಯ ಸ್ಟಿಕ್ಕರು ಕಿತ್ತುಕೊಂಡು ಅವ್ವನ ಹಣೆಯ ಕಡೆ ಕೈ ಚಾಚಿದಳು. ಯಾವ ಕಣ್ಣಿಗೆ ಆಪರೇಷನ್ನೋ ಆ ಹುಬ್ಬಿನ ಮೇಲೆ ಗುರುತು ಹಚ್ಚುವುದು ಅಲ್ಲಿನ ಪದ್ಧತಿ. ತಪ್ಪು ಕಣ್ಣಿಗೆ ಕೈ ಹಾಕಬಾರದಲ್ಲ!

ಬಲಗೈಗೂ ಗುರುತು, ಹಣೆಗೂ ಗುರುತು! ಆ ಕಡೇ ಪುಸ್ತಕದಲ್ಲಿ ಮೃಗದ ಗುರುತು ಬೀಳುವ ಜಾಗಗಳೂ ಇವೇ ಎರಡು! ಅವ್ವ ಮಂಚದಿಂದ ಇಳಿದೇಬಿಟ್ಟಳು. "ನಾ ಒಲ್ಲೆ! ಕಣ್ಣು ಹೋದ್ರ ಹೋಗ್ಲಿ!"

ದೊಡ್ಡವ್ವ ಶುರು ಮಾಡಿದಳು ನೋಡಿ! ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕದವರಿಗೆ ಆ ಊರುಗಳ ಬಜಾರಿನಲ್ಲಿ ವ್ಯಾಪಾರ ಕಷ್ಟವಾಗಿತ್ತು, ಅವನ ಮುಖವಿದ್ದ ನಾಣ್ಯವಿಲ್ಲದೆ ಉಪ್ಪೂ ಹುಟ್ಟುತ್ತಿರಲಿಲ್ಲ, ಗುರುತು ಅಂದದ್ದು ಅದಕ್ಕೆ, ಕಣ್ಣಿನ ಆಸ್ಪತ್ರೆಗಲ್ಲ... ನರ್ಸು ಬಾಯಿ ತೆರೆದು ನೋಡುತ್ತಿದ್ದಳು. ಅವ್ವ ಗೋಡೆಗೆ ಒರಗಿ ನಿಂತು ಮಣಿಕಟ್ಟಿನ ಪಟ್ಟಿ ಜಗ್ಗುತ್ತಿದ್ದಳು. ಹೇಳಿದ್ದು ಒಂದೂ ಆಕೆಯ ಕಿವಿಗೆ ಬೀಳುತ್ತಿರಲಿಲ್ಲ.

ದೊಡ್ಡವ್ವ ಅದನ್ನು ಕಂಡಳು. ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಆಕೆ ವಾಕ್ಯ ಪೂರ್ತಿ ಮಾಡದೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಸಿಸ್ಟರ್, ನನ್ನ ಹಣಿಗೂ ಒಂದು ಹಚ್ಚಮ್ಮಾ."

"ಮೀಕು ಆಪರೇಷನ್ ಲೇದು ಕದಾ ಅಮ್ಮಾ!"

"ಇಲ್ಲ ಅನ್ನೂದು ಗೊತ್ತೈತಿ. ಹಚ್ಚು."

ನರ್ಸು ಹಿಂಜರಿದಳು. ದೊಡ್ಡವ್ವ ತಾನೇ ಟ್ರೇಯಿಂದ ಒಂದು ಸ್ಟಿಕ್ಕರು ಕಿತ್ತು, ತನ್ನ ಹಣೆಯ ಮೇಲೆ ಅಂಟಿಸಿ, ಅಂಗೈಯಿಂದ ಒತ್ತಿಕೊಂಡಳು. ಆಮೇಲೆ ತಂಗಿಯ ಹತ್ತಿರ ಹೋಗಿ, ಮಂದಗಣ್ಣಿಗೂ ಕಾಣುವ ಹಾಗೆ ಮುಖ ಮುಂದೆ ಹಿಡಿದಳು.

"ನೋಡಿಲ್ಲಿ. ಈಗ ನನಗೂ ಬಿತ್ತು. ಎಲ್ಲಾರನೂ ಕರಕೊಂಡು ಹೋಗಿ ನಿನ್ನ ಒಬ್ಬಾಕಿನ್ನ ಬಿಟ್ರ, ನಾನೂ ಇಲ್ಲೇ ಇರತೀನಿ ನಿನ್ನ ಜೋಡಿ. ಇಬ್ಬರೂ ಕೂಡಿ ರೊಟ್ಟಿ ಮಾಡಿಕೊಂಡು ತಿನ್ನೂಣು. ನಡಿ ಈಗ."

ಅವ್ವ ಬೆರಳಿಂದ ಅಕ್ಕನ ಹಣೆ ತಡವಿದಳು. ಸ್ಟಿಕ್ಕರು ಸಿಕ್ಕಿತು. ಅಳುತ್ತಲೇ ನಕ್ಕಳು. "ನಿನಗ ರೊಟ್ಟಿ ಬಡ್ಯಾಕ ಎಲ್ಲಿ ಬರತೈತಿ ಅಕ್ಕಾ!" ಅಂದಳು. ನರ್ಸಿನ ಕೈ ಹಿಡಿದು ಒಳಗೆ ಹೋದಳು.

ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ದೊಡ್ಡವ್ವ ಸ್ಟಿಕ್ಕರು ತೆಗೆಯಲೊಲ್ಲಳು. ಸ್ವಲ್ಪ ಹೊತ್ತಿಗೆ ವಾರ್ಡ್‌ಬಾಯ್ ಗಾಲಿಕುರ್ಚಿ ತಂದು, "ಚಲೋ ಅಮ್ಮಾ, ನಂಬರ್ ಆಗಯಾ" ಅಂದ! ನಾನು ಎದ್ದು ತಡೆಯದಿದ್ದರೆ ನಮ್ಮ ದೊಡ್ಡವ್ವನ ನೆಟ್ಟಗಿದ್ದ ಕಣ್ಣಿಗೂ ಅವತ್ತು ಆಪರೇಷನ್ ಆಗಿಹೋಗುತ್ತಿತ್ತು.

ಅವನು ಹೋದ ಮೇಲೆ ದೊಡ್ಡವ್ವ ತನ್ನಷ್ಟಕ್ಕೆ ಹೇಳತೊಡಗಿದಳು.

"ನಿಮ್ಮವ್ವ ಸಣ್ಣಾಕಿ ಇದ್ದಾಗ ಒಬ್ಬ ಪ್ರಸಂಗಿ ಬಂದು ಇದ ಪುಸ್ತಕ ಓದಿ ಎಲ್ಲಾರನೂ ಹೆದರಿಸಿ ಹೋಗಿದ್ದ. ಮರುದಿನ ಆಕಿ ಸಾಲಿಯಿಂದ ಮನಿಗೆ ಬಂದ್ಲು. ಬಾಗಲಾ ತೆರದೈತಿ, ಒಲಿ ಉರಿಯಾಕತ್ತೈತಿ, ಮನ್ಯಾಗ ಯಾರೂ ಇಲ್ಲ. ಹಿತ್ತಲದ ಬಾವ್ಯಾಗ ಆಕಳ ಕರಾ ಬಿದ್ದಿತ್ತು, ಎಲ್ಲಾರೂ ಅಲ್ಲೇ ಇದ್ವಿ. ಆಕಿಗೇನು ಗೊತ್ತು? ಎಲ್ಲಾರನೂ ಮ್ಯಾಲೆ ಒಯ್ದಾರ, ನನ್ನ ಬಿಟ್ಟಾರ ಅಂತ ಒಲಿ ಮುಂದ ಕುಂತ್ಲು. ನಾ ಬಂದು ನೋಡತೀನಿ, ಅಳೂದೂ ಇಲ್ಲ, ಕರದ್ರ ಓ ಅನ್ನೂದೂ ಇಲ್ಲ."

ಹಣೆಯ ಸ್ಟಿಕ್ಕರನ್ನು ಮತ್ತೊಮ್ಮೆ ಒತ್ತಿಕೊಂಡಳು. ಆಮೇಲೆ ಅಂದಳು: "ಆ ಪತ್ರ ಹೆದರಿದ ಮಂದಿಗೆ ಧೈರ್ಯ ಹೇಳಾಕ ಬರದದ್ದು ನೋಡವಾ. ಅದನ್ನ ಕೇಳಿ ನನ್ನ ತಂಗಿ ಹಿಂಗಾದ್ಲು ಅಂದ್ರ, ಓದಿ ಹೇಳಿದವರು ಎಲ್ಲೋ ತಪ್ಪಿರಬೇಕು ಅನ್ನಿಸ್ತು. ಎಲ್ಲಿ ತಪ್ಪಿದ್ರು ಅಂತ ಹುಡಕಾಕ ಹೋದೆ. ಹೋದಾಕಿ ಅಲ್ಲೇ ಉಳದೆ."

ಮರುದಿನ ಬೆಳಗ್ಗೆ ಡಾಕ್ಟರು ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರು. ಎದುರಿಗೆ ದೊಡ್ಡವ್ವ ನಿಂತಿದ್ದಳು. ಅವ್ವ ಕಣ್ಣು ಮಿಟುಕಿಸಿದಳು. ಮತ್ತೆ ಮಿಟುಕಿಸಿದಳು. ಅಕ್ಕನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಅಯ್ಯ ಅಕ್ಕಾ! ನೀ ಯಾವಾಗ ಇಷ್ಟು ಮುದುಕಿ ಆದಿ?"

ಡಾಕ್ಟರು ನಕ್ಕರು, ನಾನು ನಕ್ಕೆ. ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ತಂಗಿಯ ಹಣೆಗೆ ಬಂದ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು.

ಎಡಗಣ್ಣಿನದೂ ಆಯಿತು. ವಿಡಿಯೋಗಳು ಈಗಲೂ ಬರುತ್ತವೆ. ಅವ್ವ ನೋಡುತ್ತಾಳೆ, ಈಗ ಚೆನ್ನಾಗಿ ಕಾಣುತ್ತದೆ ಬೇರೆ. ಆಕೆಯ ಅಂಜಿಕೆ ಪೂರ್ತಿ ಹೋಯಿತು ಅಂತ ನಾನು ಹೇಳಲಾರೆ.

ಆದರೆ ಮುಂದಿನ ಬ್ಯಾಸಗಿಯಲ್ಲಿ, ಮಾವಿನಕಾಯಿ ಬಜಾರಿಗೆ ಬಂದ ಹೊಸದರಲ್ಲಿ, ಅವ್ವ ಅಕ್ಕನನ್ನು ಕರೆದುಕೊಂಡು ಸುಲ್ತಾನ್ ಬಜಾರಿಗೆ ಹೋದಳು. ಪಿಂಗಾಣಿ ಜಾಡಿಗಳ ಅಂಗಡಿಯ ಮುಂದೆ ನಿಂತು, ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿ, ಇಳಿಸು ಅಂದಳು. ಅಷ್ಟು ದೊಡ್ಡದರಲ್ಲಿ ಏನು ಹಾಕುತ್ತೀರಿ ಅಂತ ಅಂಗಡಿಯವ ಕೇಳಿದ.

"ಉಪ್ಪಿನಕಾಯಿ," ಅಂದಳು ಅವ್ವ. "ವರ್ಷಕ್ಕ ಆಗಬೇಕು."

ಇಬ್ಬರೂ ಆ ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದರು.